ಹಲಗೆ ಇಳಿಸುವವನು

ಬಾಯಿ ಬಿಟ್ಟರೆ ಬಣ್ಣಗೇಡು:
ಆ ಚಳಿಗಾಲ ಪ್ಯಾರಿಸ್ಸಿನಲ್ಲಿ ಅದು ಗಾದೆಯಲ್ಲ, ಕಾನೂನು.
ಹಾಡುವ ಹಕ್ಕು ಒಂದು ದೊಡ್ಡ ರಂಗಮಂದಿರದ್ದು,
ಮಾತಾಡುವ ಹಕ್ಕು ಇನ್ನೊಂದರದ್ದು;
ಸ್ಯಾಂ ಜೆರ್ಮೇನ್ ಸಂತೆಯ ನಮ್ಮ ಮರದ ಅಟ್ಟಕ್ಕೆ
ಉಳಿದದ್ದು ಕೈ, ಕಾಲು, ಹುಬ್ಬು.

ಅದಕ್ಕೇ ನಾನು. ನಿಕೇಸ್.
ಮೇಲೆ, ತೊಲೆಯ ಮೇಲೆ, ಕೊಬ್ಬಿನ ಬತ್ತಿಗಳ ಹೊಗೆಗೆ ಕೆಮ್ಮುತ್ತ
ಹಗ್ಗ ಹಿಡಿದು ಕೂತವನು.
ಪಾತ್ರಧಾರಿ ಎದೆ ಮುಟ್ಟಿಕೊಂಡರೆ
ಪದ ಬರೆದ ಹಲಗೆ ಇಳಿಸಬೇಕು.
ಪಿಟೀಲು ಎಲ್ಲರಿಗೂ ಗೊತ್ತಿರುವ ಹಳೇ ಮಟ್ಟು ಎತ್ತುತ್ತದೆ,
ಕಟುಕರು, ಅಗಸಗಿತ್ತಿಯರು, ವಕೀಲರ ಗುಮಾಸ್ತರು
ತಲೆಯೆತ್ತಿ ಓದಿ ಓದಿ ಹಾಡುತ್ತಾರೆ;
ನಮ್ಮವರು ತುಟಿ ಹೊಲಿದುಕೊಂಡು ನಿಂತಿರುತ್ತಾರೆ.
ಪೊಲೀಸರು ಯಾರನ್ನು ಹಿಡಿದಾರು?
ಇಡೀ ಸಂತೆಯನ್ನೇ?

ನನಗೆ ಓದು ಬಾರದು.
ಜಿಪುಣ ಮುದುಕನ ಹಲಗೆಗೆ ನಡುವೆ ಗಂಟುಗಣ್ಣು,
ಮದುಮಗಳ ಹಲಗೆಗೆ ಮೂಲೆಯಲ್ಲಿ ಇಲಿ ಕಡಿದ ಗುರುತು.
ಅಷ್ಟೇ ನನ್ನ ವ್ಯಾಕರಣ.

ಒಂದು ಮಧ್ಯಾಹ್ನ ಬಣ್ಣದ ಬಾಬೆ
ಮಾಸಿದ್ದನ್ನೆಲ್ಲ ಹೆರೆದು ಹೊಸದಾಗಿ ಬರೆದಳು.
ಯಾವ ಮಾತು ಯಾವ ಮರಕ್ಕೆ ಹೋಯಿತೋ, ನನಗೆ ಹೇಳಲಿಲ್ಲ.

ಉರ್ಸ್ಯೂಲ್ ಬಂದಳು, ಹದಿನೇಳರ ಮದುಮಗಳು
(ನಿಜಕ್ಕೂ ಮೂವತ್ತೆಂಟು; ಬತ್ತಿಗಳು ಕಡಿಮೆ ಇದ್ದವು).
ಕಿಟಕಿಗೆ ಕೆನ್ನೆಯಿಟ್ಟು ನಿಟ್ಟುಸಿರು ಬಿಟ್ಟಳು.
ಇಳಿಸಿದೆ.
ಇನ್ನೂರು ಗಂಟಲು ಒಮ್ಮೆಗೇ:
ಹಲ್ಲು ಉದುರಿತು, ಮಂಡಿ ಹಿಡಿಯಿತು,
ಹಾಸಿಗೆ ಹಂಚಿಕೊಳ್ಳಲು ಹಣದ ಚೀಲ ಸಾಕು!

ಅವಳು ಮೇಲೆ ನೋಡಿದಳು.
ಆ ನೋಟಕ್ಕೆ ಹಗ್ಗ ಸುಡಬೇಕಿತ್ತು.
ಆಮೇಲೆ ಮೆಲ್ಲಗೆ ಬಾಗಿ, ಸೊಂಟ ಹಿಡಿದು,
ಒಂದು ಹಲ್ಲು ಕಿತ್ತು
ಒರೆಸಿ, ಜೋಪಾನವಾಗಿ ಕುಪ್ಪಸದೊಳಗಿಟ್ಟಳು.
ಜನ ನಕ್ಕ ರಭಸಕ್ಕೆ ಸೂರಿನ ಹಿಮ ಜಾರಿ
ಪಕ್ಕದ ಮಿಠಾಯಿ ಅಂಗಡಿಯ ಮೇಲೆ ಬಿತ್ತು.

ಯಜಮಾನ ಏಣಿ ಹತ್ತಿ ಬಂದ.
ಅನ್ನ ಹೋಯಿತು ಅಂದುಕೊಂಡೆ.
‘ನಾಳೆಯೂ ಹೀಗೇ ತಪ್ಪು.
ಮುದುಕನ ಸರದಿಗೂ ಅದೇ ಹಲಗೆ ಸಾಕು.’

ಮೂವತ್ತೊಂದು ಸಂಜೆ ತಪ್ಪಿದೆ,
ಒಂದು ಸಂಜೆಯೂ ತಪ್ಪದೆ.

ಅಷ್ಟರಲ್ಲಿ ಬಾಬೆ, ಪಾಪಪ್ರಜ್ಞೆಗೋ ಬೇಸರಕ್ಕೋ,
ಕುಂಚದ ಹಿಡಿಯಿಂದ ನನ್ನ ಅಂಗೈ ಮೇಲೆ
ಅಕ್ಷರ ತಿದ್ದಿಸಿದ್ದಳು.
ಸಂತೆ ಮುಗಿದ ರಾತ್ರಿ
ಗೋಡೆಗೆ ಮುಖ ಮಾಡಿ ನಿಂತಿದ್ದ ಮದುಮಗಳ ಹಲಗೆಯನ್ನು
ತಿರುಗಿಸಿ ಓದಿದೆ, ಬೆರಳಿಟ್ಟು.
ಪ್ರೀತಿಯ ಬಗ್ಗೆ ನಾಲ್ಕು ಸಾಲು. ಸಾಧಾರಣ.
ಪ್ರಾಸವೂ ಕುಂಟುತ್ತಿತ್ತು.

ಯಾರ ಬಾಯಿಗೂ ಬಾರದ ಪದ, ಪಾಪ.
ಕಾವಲುಗಾರ ಆ ಕಡೆ ತಿರುಗಿದಾಗ
ಮೆತ್ತಗೆ ಗುನುಗಿದೆ.

ಆ ಚಳಿಗಾಲ ನಮ್ಮ ಅಟ್ಟದಲ್ಲಿ ಕಾನೂನು ಮುರಿದವನು
ನಾನೊಬ್ಬನೇ.