ಎರಡು ಬಗೆಯ ನಗು

ನಗುವಿಗೆ ನಮ್ಮ ದಫ್ತರದಲ್ಲಿ ಎರಡು ಹೆಸರು.
ಜೊತೆಗೂಡಿ ನಕ್ಕರೆ ಒಂದು,
ಎದ್ದು ನಿಂತವರನ್ನು ನೋಡಿ ನಕ್ಕರೆ ಇನ್ನೊಂದು.
ಶೀಘ್ರಲಿಪಿಯಲ್ಲಿ ಎರಡಕ್ಕೂ ಒಂದೊಂದು ಗೀರು, ಅಷ್ಟೆ.
ಡ್ಯುಸೆಲ್‌ಡಾರ್ಫಿನ ಶಾಸನಸಭೆಯ ನಡುವಿನ ಪುಟ್ಟ ಮೇಜಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತು ಬರೆದೆ.
ಅದರಲ್ಲಿ ನನ್ನದು ಏನೂ ಇಲ್ಲ,
ಅಲ್ಪವಿರಾಮಗಳನ್ನು ಬಿಟ್ಟರೆ.

ಮೆಖ್ಟಿಲ್ಡ್ ಸೊಬೊಟ್ಕಾ ಮೊದಲ ಸಲ ಮಾತಿಗೆ ನಿಂತದ್ದು
ಎಪ್ಪತ್ತೈದರ ನವೆಂಬರ್, ಊಟಕ್ಕೆ ಮುಂಚೆ,
ಎಲ್ಲರ ಕಿವಿಯೂ ಹೊಟ್ಟೆಯಲ್ಲಿರುವ ಹೊತ್ತು.
ಹೆರ್ನೆಯವಳು. ಗಣಿಯಾಳುಗಳ ಅಂಗಿ ಒಗೆವ ಲಾಂಡ್ರಿಯಲ್ಲಿ
ಹದಿನಾಲ್ಕಕ್ಕೇ ಇಸ್ತ್ರಿ ಹಿಡಿದವಳು.
ಮೈಕು ಅವಳಿಗಿಂತ ಗೇಣೆತ್ತರ. ಯಾರೂ ತಗ್ಗಿಸಲಿಲ್ಲ.
ಚೀಲದಿಂದ ಸಂಬಳದ ಎರಡು ಲಕೋಟೆ ತೆಗೆದಳು:
"ಇದು ಬಟ್ಟೆಗಂಟು ಹೊತ್ತ ಗಂಡಾಳಿನದು.
ಇದು ಅದೇ ಗಂಟು ಹೊತ್ತ ಹೆಣ್ಣಾಳಿನದು,
ಮೇಲೆ 'ಹಗುರ ಕೆಲಸ' ಅಂತ ಬರೆದಿದೆ.
ಮಾನ್ಯ ಸಭಾಪತಿಗಳೇ, ಗಂಟು ಒಂದೇ.
ತಕ್ಕಡಿ ಯಾರದು?"

ಬಲಗಡೆಯಿಂದ ಯಾರೋ ಕೂಗಿದರು,
"ನಿಮ್ಮ ಗಂಡನ ಅಂಗಿಗೆ ಈಗ ಇಸ್ತ್ರಿ ಯಾರು ಹಾಕ್ತಾರೆ?"
ಬರೆದೆ. ಕಂಸ ತೆರೆದೆ.
(ನಗು)
ಎರಡನೆಯ ಬಗೆಯದು.
ನಾನೂ ನಕ್ಕಿದ್ದೆ. ಅದನ್ನು ಬರೆಯಲಿಲ್ಲ.

ಆಮೇಲೆ ವರ್ಷವರ್ಷದ ಸೂಚಿಯಲ್ಲಿ ಅವಳ ಹೆಸರು:
ಸೊಬೊಟ್ಕಾ, ಶಿಶುವಿಹಾರದ ಬಾಗಿಲು ಸಂಜೆ ಐದರವರೆಗೆ.
ಸೊಬೊಟ್ಕಾ, ರಾತ್ರಿ ಪಾಳಿಯ ದಾದಿಯರಿಗೆ ಬಸ್ಸು.
ಸೊಬೊಟ್ಕಾ, ರೇಡಿಯೋ ಜೋಡಿಸುವ ಟರ್ಕಿಯ ಹೆಂಗಸರಿಗೆ
ಹೆರಿಗೆ ರಜೆಯ ಅರ್ಜಿ, ಅವರದೇ ಭಾಷೆಯಲ್ಲಿ.
ಸೊಬೊಟ್ಕಾ, ಏಟು ತಿಂದು ಮಕ್ಕಳ ಸಮೇತ ಹೊರಬಿದ್ದವರಿಗೆ
ಹನ್ನೆರಡು ಹಾಸಿಗೆ.
ಆಯವ್ಯಯ ಸಮಿತಿ ಏಳಕ್ಕಿಳಿಸಿತು. ಅವಳು ಒಂಬತ್ತಕ್ಕೆ ಎಳೆದಳು.
ಅವಳ ಹೆಸರಲ್ಲಿ ಕರೆಯುವಂಥ ಕಾನೂನು ಒಂದೂ ಇಲ್ಲ.
ಉಪವಿಧಿಗಳು. ಅಡಿಟಿಪ್ಪಣಿಗಳು.
ಒಂದು 'ಅಥವಾ'ಕ್ಕಾಗಿ ಹನ್ನೊಂದು ತಿಂಗಳು ಕಾದಾಡಿದಳು:
ಗಂಡ ತೀರಿಹೋದ, ಅಥವಾ ಬಿಟ್ಟುಹೋದ.

ಮಂತ್ರಿಯಾಗಲಿಲ್ಲ. ಪತ್ರಿಕೆಗಳು ಎರಡು ಸಲ ಆಗುತ್ತಾಳೆ ಅಂದವು,
ಎರಡು ಸಲವೂ ಕಾರಿನಿಂದ ಇಳಿದವರು ಬೇರೆ.
ಒಮ್ಮೆ, ಪಕ್ಷದ ಮಾತಿಗೆ ಕಟ್ಟುಬಿದ್ದು,
ಒಂಟಿ ತಾಯಂದಿರ ಭತ್ಯೆಯ ಕಡಿತಕ್ಕೆ ಕೈ ಎತ್ತಿದಳು.
ಆ ಕೈ ಆಮೇಲೆ ಬಹಳ ಹೊತ್ತು ಮೇಜಿನ ಕೆಳಗೇ ಇತ್ತು.
ಅದಕ್ಕೆ ನಮ್ಮ ಲಿಪಿಯಲ್ಲಿ ಗೀರಿಲ್ಲ.

ನನ್ನದೂ ಒಂದು ಸಂಗತಿ ಇದೆ.
ಹತ್ತು ನಿಮಿಷ ನಾನು, ಹತ್ತು ನಿಮಿಷ ಲ್ಯೂಡೆಕಿಂಗ್,
ಒಂದೇ ಮೇಜು, ಒಂದೇ ನಮೂನೆಯ ಪೆನ್ಸಿಲ್ಲು.
ಅವನ ಸಂಬಳದ ಚೀಟಿ ನಕಲು ಯಂತ್ರದಲ್ಲಿ ಮರೆತುಹೋಗಿತ್ತು.
ಮುನ್ನೂರ ಹನ್ನೆರಡು ಮಾರ್ಕು ಹೆಚ್ಚು.
ಆ ಸಂಜೆ ಎಪ್ಪತ್ತೈದರ ಪುಸ್ತಕ ತೆಗೆದು
ನನ್ನದೇ ಗೀರುಗಳಲ್ಲಿ ಆ ಲಕೋಟೆಗಳನ್ನು ಓದಿದೆ,
ಮೊದಲ ಸಲ ಓದುವವಳ ಹಾಗೆ.
ದೂರು, ಮರುದೂರು, ಮೂರು ವರ್ಷ. ಸಿಕ್ಕಿತು.
ಹಿಂಬಾಕಿ ಸಿಗಲಿಲ್ಲ.

ಅವಳಿಗೆ ಹೇಳಲಿಲ್ಲ.
ಒಮ್ಮೆ ಲಿಫ್ಟಿನಲ್ಲಿ ಅವಳೇ ಕೇಳಿದ್ದಳು,
"ನಾನು ತುಂಬ ಬೇಗ ಮಾತಾಡ್ತೀನಾ?"
ಇಲ್ಲ ಅಂದೆ. ಸುಳ್ಳು.

ಕೊನೆಯ ದಿನ ಯಾರೋ ಗುಂಡಿ ಒತ್ತಿ ಮೈಕು ತಗ್ಗಿಸಿದರು.
"ಇಪ್ಪತ್ತೈದು ವರ್ಷಕ್ಕೆ ಒಂದು ಗೇಣು," ಅಂದಳು, "ಲೆಕ್ಕ ಇಟ್ಟುಕೊಳ್ಳಿ."
(ನಗು)
ಮೊದಲನೆಯ ಬಗೆಯದು. ಬಲಗಡೆಯಿಂದಲೂ.
ಆಮೇಲೆ ಚೀಲದಿಂದ ಒಂದು ಚೀಟಿ ತೆಗೆದಳು:
ಇದೇ ಸಭೆಯ ನೆಲ ಒರೆಸುವವರ ಗಂಟೆಯ ಕೂಲಿ,
ಗುತ್ತಿಗೆದಾರನ ಪಾಲು ಕಳೆದು.

ಯಾರೂ ನಗಲಿಲ್ಲ. ಯಾರೂ ಕೂಗಲಿಲ್ಲ.
ಕಾಗದ ಮಡಚುವ ಸದ್ದು, ಕೈಗಡಿಯಾರ ನೋಡುವ ತೋಳು.
ಕಂಸ ತೆರೆದು ಪೆನ್ಸಿಲ್ಲು ಹಿಡಿದೇ ಕೂತೆ.
ಮೇಲೆ ಗ್ಯಾಲರಿಯ ಬಾಗಿಲಲ್ಲಿ ನೀಲಿ ಅಂಗಿಯ ಒಬ್ಬಾಕೆ,
ಬಕೆಟ್ಟು ಕೆಳಗಿಟ್ಟು, ಕೇಳುತ್ತಿದ್ದಳು.
ಗ್ಯಾಲರಿಯನ್ನು ಬರೆಯುವ ನಿಯಮವಿಲ್ಲ.

(ಒಬ್ಬರು ಕೇಳುತ್ತಿದ್ದಾರೆ)

ಅಚ್ಚಾದ ಸಂಪುಟದಲ್ಲಿ ಅದಿಲ್ಲ, ಲ್ಯೂಡೆಕಿಂಗ್ ಹೊಡೆದುಹಾಕಿದ.
ನನ್ನ ಕರಡಿನಲ್ಲಿದೆ.