ಶೇಕಡಾ ಒಂದು ಪಾಯಿಂಟ್ ನಾಲ್ಕು

ಆ ಜಾಗದ ಹೆಸರು ಸಜಾ.
ಶಾರ್ಜಾ ಬಿಟ್ಟು ಮರಳಿನ ಕಡೆಗೆ ಮುಕ್ಕಾಲು ಗಂಟೆ.
ಅಜ್ಮಾನಿನಲ್ಲಿ ನೈಟ್ ಡ್ಯೂಟಿಯಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ
ಎಷ್ಟು ವರ್ಷ ಕೊಟ್ಟರೇ, ಅಂತ ನಕ್ಕಳು.
ಒಂದೇ, ಅಂದೆ. ಕಾಲೇಜಿನ ಲೆಕ್ಕದಲ್ಲಿ
ಇಪ್ಪತ್ತನಾಲ್ಕು ಕ್ರೆಡಿಟ್ಟು.

ಮಾನವ ಸಂಪನ್ಮೂಲ ವಿಭಾಗ ಅಂದರೆ
ಒಂದು ಪೋರ್ಟಾ ಕ್ಯಾಬಿನ್, ಎರಡು ಏಸಿ,
ಅದರಲ್ಲೊಂದು ಕೆಮ್ಮುವುದು,
ಮನಿಲಾದ ಮಾರಿವಿಕ್, ಅವಳ ಒಣಮೀನಿನ ಡಬ್ಬಿ,
ಸುಡಾನಿನ ಉಸ್ತಾದ್ ತಾಜುದ್ದೀನ್, ಅವರ ಮೊಹರು,
ಮೂಲೆಯಲ್ಲಿ ನಾನು.
ಕೊರಳಿನ ಕಾರ್ಡಿನಲ್ಲಿ ಹೆಸರಿರಲಿಲ್ಲ, ಟ್ರೇನಿ ಅಂತಿತ್ತು.
ಹಿಂದಿನ ವರ್ಷದವಳ ಫೋಟೋದ ಮೇಲೇ
ನನ್ನದನ್ನು ಅಂಟಿಸಿದ್ದರು.

ಕಲಿತೆ.
ಪಾಸ್‌ಪೋರ್ಟಿನ ಕೊನೆಯ ದಿನ ಹಳದಿ, ವೀಸಾದ್ದು ಕೆಂಪು.
ರಜೆ ಅರ್ಜಿಯಲ್ಲಿ ಕಾರಣದ ಮನೆ ಎರಡು ಬೆರಳಗಲ;
ತಂಗಿಯ ಮದುವೆಗೆ ಸಾಕು,
ಮಾತು ಬಿಟ್ಟ ಹೆಂಡತಿಗೆ ಸಾಲದು.
ಅಂಥದ್ದಕ್ಕೆಲ್ಲ ಕೌಟುಂಬಿಕ ಅಂತ ಬರಿ,
ಅಂದಳು ಮಾರಿವಿಕ್.

ನಮ್ಮ ಕಡೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ.
ಇಲ್ಲಿ ಎಂಜಿನಿಯರೂ ಒತ್ತಬೇಕು, ದಿನಕ್ಕೆರಡು ಸಲ.
ಗೇಟಿನ ಯಂತ್ರ ಹಸಿರು ದೀಪ ಹಚ್ಚಿ
ಹೆಣ್ಣು ದನಿಯಲ್ಲಿ ಶುಕ್ರನ್ ಅನ್ನುತ್ತದೆ.
ಅದು ಬಂದ ತಿಂಗಳೇ ನಾನೂ ಬಂದದ್ದು,
ಹಾಗಾಗಿ ನನ್ನ ಪ್ರಾಜೆಕ್ಟೂ ಅದೇ ಆಯಿತು:
ಇನ್ನೂರ ಎಂಬತ್ತಾರು ಮಂದಿ. ಯಂತ್ರ ಎಷ್ಟು ಸರಿ?

ಜುಲೈ. ಹನ್ನೆರಡೂವರೆ,
ಬಿಸಿಲಿಗೆ ಹೆದರಿ ಕಾನೂನೇ ಕೆಲಸ ನಿಲ್ಲಿಸುವ ಹೊತ್ತು.
ಬಾಗಿಲಲ್ಲಿ ಒಬ್ಬ, ಹೆಲ್ಮೆಟ್ಟು ಕಂಕುಳಲ್ಲಿ,
ಅರ್ಧ ಹಿಂದಿ, ಅರ್ಧ ಕೈಸನ್ನೆ.
ಹೆಸರು ಸಾಬಣ್ಣ. ಸುರಪುರದ ಕಡೆಯವನು.
ನನ್ನ ಬಾಯಿಂದ ಕನ್ನಡ ಬಿತ್ತು.
ಅವನು ಎರಡು ಹೆಜ್ಜೆ ಒಳಗೆ ಬಂದ.

ನಾ ದಿನಾ ಬರ್ತೀನ್ರೀ ಅಕ್ಕಾರ.
ಬೆರಳ ಇಡ್ತೀನಿ, ಅದು ನಂಗ ಬ್ಯಾಡ ಅಂತದ.
ಸಿಮೆಂಟಿನಾಗ ಹನ್ನೊಂದು ವರ್ಷ ಆತು,
ಗೆರಿ ಎಲ್ಲಾ ಅಳಿಸಿ ಹೋಗ್ಯಾವ.

ತೋರಿಸಿದ.
ಬಚ್ಚಲಲ್ಲಿ ಉಳಿದ ಸೋಪಿನ ಚೂರಿನಷ್ಟು ನುಣುಪು.

ಕಂಪ್ಯೂಟರಿನಲ್ಲಿ ನೋಡಿದೆ. ಜೂನ್: ಒಂಬತ್ತು ದಿನ ಗೈರು.
ಸಂಬಳ ಕಡಿತ. ಪಟ್ಟಿ ತಯಾರಿಸಿದವರು: ಟ್ರೇನಿ.
ಆ ಸಂಜೆ ನೆನಪಿದೆ,
ಬೇಗ ಮುಗಿಸಿದ್ದಕ್ಕೆ ಉಸ್ತಾದರು ಖರ್ಜೂರ ಕೊಟ್ಟಿದ್ದರು.
ಅವನಿಗದು ಹೇಳಲಿಲ್ಲ.
ನೋಡ್ತೇವೆ, ಅಂದೆ,
ಆಫೀಸಿನ ಬಹುವಚನದಲ್ಲಿ.

ನೋಡಿದೆವು. ಐದು ದಿನದ್ದು ವಾಪಸು ಬಂತು.
ಉಳಿದ ನಾಲ್ಕಕ್ಕೆ ಫೋರ್‌ಮನ್ ಸಹಿ ಬೇಕಿತ್ತು.
ಫೋರ್‌ಮನ್ ರಜೆಯಲ್ಲಿದ್ದ, ಕಾರಣ
ಕೌಟುಂಬಿಕ.

ಆಮೇಲೆ ಹುಡುಕಿದೆ. ಇನ್ನೂ ಮೂವರು ಸಿಕ್ಕರು:
ಟೈಲ್ಸಿನವನೊಬ್ಬ, ಆಸಿಡ್ಡಿನಲ್ಲಿ ನೆಲ ತೊಳೆಯುವ ಪೇಶಾವರದ ಮುದುಕ,
ಮೆಸ್ಸಿನ ಕಾದ ತವೆಯ ಮುಂದಿನ ಕುಂಜಿಕಣ್ಣನ್.
ಅವರಿಗೊಂದು ನೀಲಿ ರಟ್ಟಿನ ಪುಸ್ತಕ ಇಟ್ಟೆ,
ಬೆಳಿಗ್ಗೆ ಸಹಿ, ಸಂಜೆ ಸಹಿ.
ಸಾಬಣ್ಣನಿಗೆ ಬರೆಯಲು ಬಾರದು ಅಂದುಕೊಂಡಿದ್ದೆ.
ನಾಲಿಗೆ ಕಚ್ಚಿಕೊಂಡು ಕನ್ನಡದಲ್ಲೇ ಬರೆದ, ದೊಡ್ಡದಾಗಿ;
ಣಕಾರದ ಒತ್ತು ಗೆರೆ ದಾಟಿ
ಕುಂಜಿಕಣ್ಣನ್ ಮನೆಗೆ ಇಳಿದಿತ್ತು.

ವರದಿಯಲ್ಲಿ ಬರೆದೆ:
ಯಂತ್ರ ಶೇಕಡಾ ತೊಂಬತ್ತೆಂಟು ಪಾಯಿಂಟ್ ಆರು ಸರಿ.
ಕಾಲೇಜು ಎ ಗ್ರೇಡು ಕೊಟ್ಟಿತು.
ಉಳಿದವರಿಗೆ ಅಡಿಟಿಪ್ಪಣಿಯಲ್ಲಿ ಜಾಗವಿತ್ತು,
ಎರಡು ಬೆರಳಗಲ.

ಕೊನೆಯ ದಿನ ಕಾರ್ಡು ಒಪ್ಪಿಸಿದೆ.
ಮಾರಿವಿಕ್ ನನ್ನ ಫೋಟೋ ಉಗುರಿನಲ್ಲಿ ಕೀಳಲು ನೋಡಿ,
ಬಾರದೆ, ಇರಲಿ ಬಿಡು, ಮುಂದಿನವಳದ್ದು ಮೇಲೆ ಅಂಟಿಸೋಣ, ಅಂದಳು.
ಗೇಟಿನಲ್ಲಿ ಹೆಬ್ಬೆಟ್ಟಿಟ್ಟೆ.
ವರ್ಷವಿಡೀ ಒಂದು ದಿನವೂ ಬೇಡ ಅಂದದ್ದಿಲ್ಲ ಅದು ನನಗೆ.
ಶುಕ್ರನ್.

ಬಸ್ಸು ಹತ್ತಿದ ಮೇಲೆ ನೆನಪಾಯಿತು,
ನೀಲಿ ಪುಸ್ತಕ ಎಲ್ಲಿದೆ ಅಂತ ಯಾರಿಗೂ ಹೇಳಿಲ್ಲ.
ಫೋನ್ ಮಾಡಿದೆ.
ತಡಿ, ಹುಡುಕ್ತೀನಿ, ಅಂದಳು ಮಾರಿವಿಕ್.
ಖಾನೆಗಳನ್ನು ಎಳೆಯುವ ಸದ್ದು ಕೇಳುತ್ತಿತ್ತು,
ಒಂದು, ಮತ್ತೊಂದು,
ಹಿಂದೆ ಕೆಮ್ಮುವ ಏಸಿ.