ಖಾಲಿ ಗಾಡಿಯ ತೂಕ

ಇಂಜಿನ್ ಆರಿಸು ಅಬ್ದಿರಿಜಾಕ್, ಮುಂದೆ ಇನ್ನೂ ಹನ್ನೊಂದು ಗಾಡಿ.
ಸುಣ್ಣದ ಗೂಡು ಬಾಯಿ ಬಿಡುವುದು ಅದಕ್ಕೆ ಬೇಕೆನಿಸಿದಾಗ.
ಮಿಸ್ಸೂರಿಯ ಈ ಚಳಿಯಲ್ಲಿ ಒಬ್ಬನೇ ಕೂತು ಏನು ಮಾಡುತ್ತೀ,
ಬಾ, ನನ್ನ ಕ್ಯಾಬಿನಲ್ಲಿ ಸಣ್ಣ ಹೀಟರಿದೆ, ಫ್ಲಾಸ್ಕಿನಲ್ಲಿ ಕಾಫಿ.
ಸಕ್ಕರೆ ನಿನಗೆ ಸಾಲದು, ಗೊತ್ತು.

ಸೇರಿದ ದಿನ ನನಗೆ ಹೇಳಿದ್ದನ್ನೇ ನಿನಗೂ ಹೇಳಿರುತ್ತಾರೆ:
ಮೈಲಿಗೆ ಐವತ್ತೆಂಟು ಸೆಂಟು.
ಯಾವ ಮೈಲಿ ಅಂತ ಕೇಳಿದೆಯಾ?
ಅವರ ನಕಾಶೆಯಲ್ಲಿ ಊರಿಂದ ಊರಿಗೆ ದಾರ ಎಳೆದು ಅಳೆದ ಮೈಲಿ.
ಸೇತುವೆ ಮುಚ್ಚಿದೆಯೆಂದು ನೀನು ಸುತ್ತು ಹಾಕಿದ ಇಪ್ಪತ್ತೆರಡು
ನಿನ್ನ ಸ್ವಂತ ಖರ್ಚಿನ ಪ್ರವಾಸ.

ಚಕ್ರ ಉರುಳದಿದ್ದರೆ ನೀನು ಇಲ್ಲ.
ಏಣಿ ಹತ್ತಿ ಟ್ಯಾಂಕಿನ ನೆತ್ತಿಯ ಹಿಮ ಕೆರೆದು
ಮುಚ್ಚಳದ ಬೋಲ್ಟು ಬಿಚ್ಚುವಾಗ ಇಲ್ಲ.
ಹೆಬ್ಬಾವಿನಂಥ ಹೋಸು ಎಳೆದು ಸೈಲೋದ ಬಾಯಿಗೆ ಸಿಕ್ಕಿಸಿ,
ಬ್ಲೋವರ್ ಕಿವಿಯೊಳಗೆ ಕೂತು ಒಂದೂವರೆ ಗಂಟೆ ಅರಚುವಾಗ
ಇಲ್ಲವೇ ಇಲ್ಲ.
ಸುಣ್ಣದ ಪುಡಿ ಬೆವರಿಗೆ ತಾಗಿದರೆ ಕುದಿಯುತ್ತದೆ, ನೆನಪಿರಲಿ;
ತೋಳು ತೋರಿಸಲಾ? ಬೇಡ, ಕಾಫಿ ಕುಡಿ.

ಲೀಲಂಡ್ ಆ ಏಣಿಯಿಂದಲೇ ಬಿದ್ದದ್ದು.
ಮಾರ್ಲಿಸ್ ಫೋನಿನಲ್ಲಿ ಮೊದಲು ಕೇಳಿದಳು: ಲೋಡು ಇಳಿಯಿತಾ?
ಅವಳನ್ನೂ ಅನ್ನಬಾರದು ಪಾಪ,
ಅವಳ ಕುರ್ಚಿಯ ಹಿಂದೆಯೂ ಯಾರೋ ಗಡಿಯಾರ ಹಿಡಿದು ನಿಂತಿರುತ್ತಾರೆ.

ಇನ್ನು ಕಾಯುವುದು.
ಮೊದಲೆರಡು ಗಂಟೆ ಪುಕ್ಕಟೆ.
ಮೂರನೆಯದಕ್ಕೆ ಹದಿನೈದು ಡಾಲರು, ಚೀಟಿಗೆ ಗೂಡಿನವರ ಸಹಿ ಬಿದ್ದರೆ.
ಸಹಿ ಹಾಕುವ ಡಾಯ್ಲ್ ಆ ಹೊತ್ತಿಗೆ ಸರಿಯಾಗಿ ಊಟಕ್ಕೆದ್ದಿರುತ್ತಾನೆ.

ಹೋದ ಫೆಬ್ರವರಿಯಲ್ಲಿ ಏನಾಯಿತು ಕೇಳು.
ನಾನು ಒಳಗೆ ಕೂತಿದ್ದಾಗಲೇ ಖಾಲಿ ಗಾಡಿಯ ತೂಕವಾಯಿತು, ಎಂದಿನಂತೆ.
ಹೋಸು, ಸರಪಳಿ, ಡೀಸೆಲ್, ವರ್ನಾ ಸ್ಟೊಡೋಲಾ,
ಎಲ್ಲ ಸೇರಿ ಒಂದೇ ಅಂಕಿ.
ಲೋಡು ತುಂಬಿ ಮತ್ತೆ ತಕ್ಕಡಿಗೆ ಹತ್ತಿಸಿದೆ,
ಡಾಯ್ಲ್ ಕೋಟು ಹಾಕಿಕೊಳ್ಳುವುದು ಕಂಡಿತು,
ಸಹಿಗೆಂದು ಧುಮುಕಿ ಓಡಿದೆ.
ನನ್ನ ಬೆನ್ನ ಹಿಂದೆ ಯಂತ್ರ ತೂಗಿಬಿಟ್ಟಿತು.

ನೂರ ತೊಂಬತ್ತು ಪೌಂಡು ಕೊರತೆ.
ಸುಣ್ಣ ಎಲ್ಲಿ ಹೋಯಿತೆಂದು ಆಫೀಸಿನವರು ಮೂರು ಸಲ ಫೋನು ಮಾಡಿದರು.
ಅದು ಸುಣ್ಣವಲ್ಲ, ನಾನು, ಅಂದೆ.
ಬೂಟು, ಕೋಟು, ಬೆಳಗಿನ ತಿಂಡಿ ಸಮೇತ ನಾನು.
ಅದಕ್ಕೊಂದು ಕಾಲಮ್ಮು ಇಲ್ಲವಂತೆ.
ಸಂಬಳದಲ್ಲಿ ಹದಿನೈದು ಡಾಲರು ಇಪ್ಪತ್ತು ಸೆಂಟು ಮುರಿದುಕೊಂಡರು.
ಕಾದದ್ದಕ್ಕೆ ಬಂದದ್ದು ಹದಿನೈದು.
ಇಪ್ಪತ್ತು ಸೆಂಟು ನಾನೇ ಕೈಯಿಂದ ಹಾಕಿದೆ.

ಬಿಸಿಲುಪಟ್ಟಿಯ ಸಂದಿಯಲ್ಲಿದೆ ನೋಡು ಆ ಚೀಟಿ. ಹುಷಾರು, ಹರಿದೀತು.
ಹತ್ತೊಂಬತ್ತು ವರ್ಷದಲ್ಲಿ ನನ್ನ ತೂಕ
ಅವರ ಕಾಗದದ ಮೇಲೆ ಬಂದದ್ದು ಅದೊಂದೇ ಸಲ,
ಅದೂ ನಷ್ಟದ ಲೆಕ್ಕದಲ್ಲಿ.

ನೀನ್ಯಾಕೆ ನಗುತ್ತಿಲ್ಲ?
ಈ ಕಥೆಗೆ ಎಲ್ಲರೂ ನಗುತ್ತಾರೆ, ಹೇಳಿ ಹೇಳಿ ನುಣುಪಾಗಿದೆ ಕಥೆ.
ಮುಂದೆ ನೋಡುತ್ತಿದ್ದೀಯ, ತುಟಿ ಅಲ್ಲಾಡುತ್ತಿದೆ,
ಹನ್ನೊಂದು, ನಾನು, ನೀನು.
ಹದಿಮೂರು ಜನ ಒಂದೇ ದಿನ ಕೆಳಗಿಳಿದರೆ
ಎಷ್ಟಾಗುತ್ತದೆ ಅಂತಲಾ?

ಬೇಡ ಮಾರಾಯ. ನಿನಗಿನ್ನೂ ತೊಂಬತ್ತು ದಿನ ತುಂಬಿಲ್ಲ,
ನಿನ್ನನ್ನು ತೆಗೆಯಲು ಕಾರಣವೂ ಬೇಕಿಲ್ಲ.
ಬಾಗಿಲು ಹಾಕು, ಚಳಿ ಬರುತ್ತಿದೆ.
ಎಲ್ಲಿಗೆ ಹೊರಟೆ? ನಿನ್ನ ಗಾಡಿ ಹಿಂದಿದೆ, ಹಿಂದೆ.

ಹೋದ. ಲೋಟವನ್ನೂ ಒಯ್ದ.
ಮುಂದಿನ ಗಾಡಿಯ ಬಾಗಿಲು ತಟ್ಟುತ್ತಿದ್ದಾನೆ,
ಒಳಗೆ ದೀಪ ಹತ್ತಿತು.
ಈಗ ಅದರ ಮುಂದಿನದು.

ಅಲ್ಲಿರುವುದು ಲೀಲಂಡ್. ಮಂಡಿಗೆ ಸ್ಟೀಲು ಹಾಕಿದ್ದಾರೆ,
ಇಳಿಯಲು ಹೊತ್ತು ಹಿಡಿಯುತ್ತದೆ ಅವನಿಗೆ.